ಒಂದು ದಿನದ ರಜೆ
ಚಟ ಬಿಟ್ಟವನ ಕಥೆ ಅಂದರೆ ನಮ್ಮ ಸಿನಿಮಾದವರು ಸಾಮಾನ್ಯವಾಗಿ ಆಸ್ಪತ್ರೆ ಬಾಗಿಲಲ್ಲೇ ಶುಭಂ ಹಾಕಿಬಿಡ್ತಾರೆ. ನಾರ್ವೆಯ ಯೋಆಕಿಮ್ ತ್ರಿಯರ್ 2011ರಲ್ಲಿ ತೆಗೆದ ‘ಓಸ್ಲೋ, ಆಗಸ್ಟ್ 31’ ಅಲ್ಲಿಂದಲೇ ಶುರು. ಡ್ರಗ್ಸ್ ಬಿಡಿಸುವ ಕೇಂದ್ರದಲ್ಲಿರುವ 34ರ ಆಂಡೆರ್ಸ್, ಕೆಲಸದ ಸಂದರ್ಶನಕ್ಕೆಂದು ಒಂದು ದಿನ ಊರಿಗೆ ಬರುತ್ತಾನೆ. ಸೋದರಿ ತಾನು ಬಾರದೆ ಗೆಳತಿಯನ್ನು ಕಳಿಸುತ್ತಾಳೆ. ಹುಟ್ಟಿದ ಮನೆ ಮಾರಾಟಕ್ಕಿದೆ.

ಉಪ್ಪಲ್‌ನಲ್ಲಿ ಕೂತು ಇದನ್ನು ನೋಡಿದಾಗ ತೆಲುಗರ ‘ದೇವದಾಸು’ (1953) ನೆನಪಾಯಿತು. ಅಕ್ಕಿನೇನಿಯ ಆ ಕುಡುಕನಿಗೆ ಘಂಟಸಾಲರ ದನಿ ಇತ್ತು, ಸಾಯೋದಕ್ಕೆ ಪ್ರೇಯಸಿಯ ಬಾಗಿಲಾದರೂ ಇತ್ತು. ಆಂಡೆರ್ಸ್‌ನ ಹಳೆಯ ಗೆಳತಿ ನ್ಯೂಯಾರ್ಕಿನಲ್ಲಿ, ಫೋನೇ ಎತ್ತೋದಿಲ್ಲ.

ಸಂದರ್ಶನದಲ್ಲಿ ಸಂಪಾದಕ ಚೆನ್ನಾಗೇ ಮಾತಾಡುತ್ತಾನೆ. ನಡುವಿನ ಖಾಲಿ ವರ್ಷಗಳ ಬಗ್ಗೆ ಕೇಳುತ್ತಾನೆ, ಅಷ್ಟೆ. ಆಂಡೆರ್ಸ್ ನಿಜ ಹೇಳಿ, ಕೊಟ್ಟ ಬಯೋಡೇಟಾ ವಾಪಸ್ ತಗೊಂಡು ಹೊರಟೇಬಿಡುತ್ತಾನೆ. ಯಾರೂ ಅವನನ್ನು ತಳ್ಳಲಿಲ್ಲ, ನೋಡಿ.

ರಾತ್ರಿಯ ಪಾರ್ಟಿಗಳು ಸ್ವಲ್ಪ ಎಳೆದಂತಾಯಿತು. ಆದರೆ ಕೆಫೆಯ ದೃಶ್ಯ! ಪಕ್ಕದ ಮೇಜುಗಳ ಮಾತಿಗೆ ಅವನು ಕಿವಿಗೊಟ್ಟು ಕೂತಿದ್ದಾನೆ. ಹುಡುಗಿಯೊಬ್ಬಳು ಬದುಕಿನಲ್ಲಿ ತನಗೆ ಬೇಕಾದ್ದರ ಪಟ್ಟಿ ಓದುತ್ತಾಳೆ. ಪರವೂರಿನಲ್ಲಿ ಅರ್ಧಂಬರ್ಧ ಅರ್ಥವಾಗುವ ಮಾತಿನ ನಡುವೆ ಒಬ್ಬರೇ ಚಹಾ ಕುಡಿದವರಿಗೆ ಆ ಮುಖ ಗೊತ್ತು. ಆಂಡೆರ್ಸ್‌ಗೆ ಮಾತ್ರ ಪ್ರತಿ ಪದವೂ ಅರ್ಥವಾಗುತ್ತಿದೆ. ಅದು ಅವನದೇ ಊರು.