ಕೊಕ್ಕು ಕೆಳಗಾದ ಹಂಸ

ಸಿಂಧನೂರಿನಿಂದ ಮಸ್ಕಿ, ಲಿಂಗಸುಗೂರಿಗೆ ಹೋಗುವ ರಸ್ತೆ ಹೆಚ್ಚುಕಡಿಮೆ ವಾಯವ್ಯ ದಿಕ್ಕಿನದು. ಡಿಸೆಂಬರಿನ ಮೂರನೇ ವಾರ, ಸಂಜೆ ಏಳೂಕಾಲರ ಹೊತ್ತಿಗೆ, ಊರಿನ ಮತ್ತು ಅಕ್ಕಿ ಗಿರಣಿಗಳ ದೀಪ ದಾಟಿ ಕಾಲುವೆ ದಂಡೆಗೆ ಬಂದು ಅದೇ ದಿಕ್ಕಿಗೆ ಕತ್ತೆತ್ತಿ. ಎಳ್ಳಮಾವಾಸ್ಯೆ ಆ ವಾರವೇ ಬಂದರೆ ಇನ್ನೂ ಒಳ್ಳೆಯದು, ಚಂದ್ರನ ಬೆಳಕಿನ ಕಾಟವಿಲ್ಲ. ರಾಜಹಂಸ ನಕ್ಷತ್ರಪುಂಜ ಅಲ್ಲಿ ನೆಟ್ಟಗೆ ನಿಂತಿರುತ್ತದೆ. ಸೆಪ್ಟೆಂಬರಿನಲ್ಲಿ ರಾತ್ರಿ ಒಂಬತ್ತಕ್ಕೆ ಇದೇ ಹಕ್ಕಿ ನೆತ್ತಿಯ ಸಮೀಪ, ಉತ್ತರಕ್ಕೆ ಇರುತ್ತದೆ. ಆದರೆ ಆಗ ಮೋಡ ಬಿಡಬೇಕಲ್ಲ!

ಮೇಲ್ತುದಿಯ ಬೆಳ್ಳಗಿನ ಚುಕ್ಕಿಗೆ ನಮ್ಮವರು ಇಟ್ಟ ಹೆಸರು ಹಂಸಾಕ್ಷಿ, ಹಂಸದ ಕಣ್ಣು. ಅರಬ್ಬರಿಂದ ಬಂದ ಹೆಸರು ಡೆನೆಬ್, ಹಾಗೆಂದರೆ ಬಾಲ. ಕಣ್ಣೆಂದು ನೋಡಿದರೆ ಹಕ್ಕಿ ಮೇಲಕ್ಕೇಳುತ್ತಿದೆ, ಬಾಲವೆಂದರೆ ಹೊಲಕ್ಕೆ ಇಳಿಯುತ್ತಿದೆ. ಹಂಸಾಕ್ಷಿ ಎಂಬ ಹೆಸರು ನನಗೆ ಬಹಳ ಇಷ್ಟ, ಆದರೂ ನಾನು ಬಾಲದ ಕಡೆಯವನು. ರೆಕ್ಕೆಗಳು ಕೂಡುವಲ್ಲಿಂದ ಡೆನೆಬ್‌ಗೆ ಸುಮಾರು 6 ಡಿಗ್ರಿ, ಕೆಳಗಿನ ತುದಿಗೆ 16 ಡಿಗ್ರಿ. ಹಂಸಕ್ಕೆ ಉದ್ದವಿರಬೇಕಾದದ್ದು ಕತ್ತು ತಾನೆ? ಹಿಮಾಲಯದಾಚೆಯ ಪಟ್ಟೆತಲೆ ಹೆಬ್ಬಾತುಗಳು ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬಂದಿಳಿದು ಸುತ್ತಲಿನ ಹೊಲಗಳಲ್ಲಿ ಮೇಯುವ ಕಾಲವೂ ಇದೇ.

ಆ ಕೆಳತುದಿಯ ಕೊಕ್ಕೇ ಅಲ್ಬಿರಿಯೊ. ಬರಿಗಣ್ಣಿಗೆ ಸಾಧಾರಣ ಚುಕ್ಕಿ. ಮೂವತ್ತು ಪಟ್ಟು ಹಿಗ್ಗಿಸುವ ಸಣ್ಣ ದೂರದರ್ಶಕ ಹಿಡಿದರೆ ಎರಡಾಗಿ ಒಡೆಯುತ್ತದೆ: ಒಂದು ಹೊಂಬಣ್ಣ, ಪಕ್ಕದಲ್ಲೇ ಚಿಕ್ಕದೊಂದು ನೀಲಿ. ಇಡೀ ಆಕಾಶದಲ್ಲಿ ನನ್ನ ಮೆಚ್ಚಿನ ಜೋಡಿ ಇದು. ಒಂದೊಂದೇ ನೋಡಿದ್ದರೆ ಆ ಬಣ್ಣ ಇಷ್ಟು ಗಾಢವೆನಿಸುತ್ತಿರಲಿಲ್ಲ. ಪಕ್ಕಪಕ್ಕ ಇರುವುದರಿಂದಲೇ ಒಂದರ ಬಣ್ಣ ಇನ್ನೊಂದನ್ನು ಎತ್ತಿ ತೋರಿಸುತ್ತದೆ. ಮಸ್ಕಿಯ ದಿಕ್ಕಿನಲ್ಲಿ ಹೊನ್ನಿನ ಚುಕ್ಕಿ ಕಂಡಾಗಲೆಲ್ಲ ಚಿನ್ನದ ಗಣಿ ಎಂಜಿನಿಯರ್ ಬೀಡನ್ ನೆನಪಾಗುತ್ತಾನೆ. 1915ರಲ್ಲಿ ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರಿರುವ ಶಾಸನ ಕಂಡವನು ಅವನೇ.

ರೆಕ್ಕೆಯ ಬಳಿ 61 ಸಿಗ್ನಿ ಎಂಬ ಬಡಕಲು ಚುಕ್ಕಿಯಿದೆ, ಒಳ್ಳೆಯ ಕತ್ತಲೆ ಬೇಕು. 1838ರಲ್ಲಿ ಜರ್ಮನಿಯ ಬೆಸೆಲ್ ಇದರ ದೂರ ಅಳೆದ. ಸೂರ್ಯನನ್ನು ಬಿಟ್ಟರೆ, ನಂಬಬಹುದಾದ ಅಳತೆ ಮೊದಲು ಪ್ರಕಟವಾದದ್ದು ಈ ನಕ್ಷತ್ರದ್ದೇ. ದೂರ 11.4 ಬೆಳಕಿನ ವರ್ಷ. ಈಗ ಆರನೇ ಇಯತ್ತೆಯಲ್ಲಿ ಓದುವ ಹುಡುಗಿ ಹುಟ್ಟಿದಾಗ ಹೊರಟ ಬೆಳಕು ಈ ಚಳಿಗಾಲ ತಲುಪುತ್ತಿದೆ.

ನೋಡುವವರು ಕೊಕ್ಕನ್ನೇ ಮೊದಲು ನೋಡಿಬಿಡಿ. ಭತ್ತ ಕೊಯ್ಯುವ ಯಂತ್ರಗಳ ಧೂಳು ಅಡಿಯಂಚನ್ನು ಬೇಗ ಮುಚ್ಚುತ್ತದೆ, ಎಂಟೂವರೆಗೆ ಅಲ್ಬಿರಿಯೊ ನೆಲ ಮುಟ್ಟುತ್ತದೆ. ಬಾಲ ಮಾತ್ರ ಹತ್ತರವರೆಗೂ ಲಿಂಗಸುಗೂರಿನ ಕಡೆ ಮಿನುಗುತ್ತಿರುತ್ತದೆ.