ಜೆಟ್ ಕಲಿಯಲು ಹೊಲ ಮಾರಬೇಕೆ?

ಮಗ ಪೈಲಟ್ ಆಗುತ್ತೇನೆ ಎಂದರೆ ಸೇಡಂ, ಚಿತ್ತಾಪುರದ ಮನೆಗಳಲ್ಲಿ ಬರುವ ಮಾತು ಎರಡೇ. ಕೈ ಬಿಗಿ ಇರುವ ಮನೆಯಲ್ಲಿ, ‘ಅದಕ್ಕ ಕೋಟಿ ರೂಪಾಯಿ ಬೇಕಪಾ, ನಮ್ಮಂಥವರದಲ್ಲ ಅದು’. ತೊಗರಿ ಹೊಲವೋ ಶಹಾಬಾದಿನಲ್ಲಿ ಫರ್ಸಿ ಕಲ್ಲಿನ ಖಣಿಯೋ ಇರುವ ಮನೆಯಲ್ಲಿ, ‘ಕೋಟಿ ಹೋದ್ರ ಹೋಗ್ಲಿ, ಹೊಲ ಮಾರೋಣು, ಹುಡುಗ ಪೈಲಟ್ ಆಗ್ಲಿ’. ಮೇಲ್ನೋಟಕ್ಕೆ ಎದುರುಬದುರಾಗಿ ಕಾಣುವ ಈ ಎರಡೂ ಮಾತು ನಿಂತಿರುವುದು ಒಂದೇ ನಂಬಿಕೆಯ ಮೇಲೆ: ಜೆಟ್ ಹಾರಿಸುವ ಅರ್ಹತೆ ಬೆಲೆ ಕೊಟ್ಟವರಿಗೆ ಸಿಗುವ ಸಾಮಾನು. ನನ್ನ ತಕರಾರು ಆ ನಂಬಿಕೆಯ ಮೇಲೆಯೇ. ದುಡ್ಡಿನ ಅಡ್ಡಿ ಇದೆ, ಸುಳ್ಳಲ್ಲ. ಆದರೆ ನಮ್ಮ ಮಕ್ಕಳು ಹೊರಗುಳಿಯುವುದು ಅದಕ್ಕಿಂತ ಬಹಳ ಮೊದಲೇ, ಹದಿನಾರು ಹದಿನೇಳರ ವಯಸ್ಸಿನಲ್ಲಿ, ಒಂದು ರೂಪಾಯಿಯೂ ಖರ್ಚಾಗುವ ಮುಂಚೆ.

ಈ ನಂಬಿಕೆ ಎಲ್ಲಿಂದ ಬಂತೆಂದು ಹುಡುಕುವುದು ಕಷ್ಟವಲ್ಲ. ಎಂಜಿನಿಯರಿಂಗ್, ಮೆಡಿಕಲ್ ಸೀಟಿಗೆ ಡೊನೇಷನ್ ಕೊಟ್ಟು ರೂಢಿಯಾದ ಸೀಮೆ ನಮ್ಮದು. ಕೊಟ್ಟರೆ ಸೀಟು, ಸೀಟು ಸಿಕ್ಕರೆ ಡಿಗ್ರಿ, ಡಿಗ್ರಿ ಇದ್ದರೆ ಎಲ್ಲೋ ಒಂದು ಕೆಲಸ. ಅದರ ಮೇಲೆ 2019ರ ನವೆಂಬರ್ 22ರಂದು ಶ್ರೀನಿವಾಸ ಸರಡಗಿ ಬಳಿ ಕಲಬುರಗಿ ವಿಮಾನ ನಿಲ್ದಾಣ ತೆರೆಯಿತು. 2021ರಲ್ಲಿ ಹೊಸ ಹಾರಾಟ ತರಬೇತಿ ಶಾಲೆಗಳಿಗಾಗಿ ವಿಮಾನ ನಿಲ್ದಾಣ ಪ್ರಾಧಿಕಾರ ದೇಶದಲ್ಲಿ ಆರಿಸಿದ ಐದು ನಿಲ್ದಾಣಗಳಲ್ಲಿ ಬೆಳಗಾವಿಯ ಜೊತೆ ಕಲಬುರಗಿಯೂ ಸೇರಿತು. 2023ರ ಫೆಬ್ರುವರಿಯಲ್ಲಿ ಏರ್ ಇಂಡಿಯಾ 470 ವಿಮಾನ, ಜೂನ್‌ನಲ್ಲಿ ಇಂಡಿಗೊ 500 ವಿಮಾನ ಕೊಳ್ಳುವುದಾಗಿ ಹೇಳಿದವು. ವಿಮಾನ ಬರುತ್ತವೆ, ಪೈಲಟ್ ಬೇಕೇಬೇಕು, ಶಾಲೆ ಮನೆ ಬಾಗಿಲಿಗೆ ಬಂದಿದೆ, ಇನ್ನೇನು ತಡ?

ತಡ ಇರುವುದು ಇಲ್ಲಿ. ಮೂರು ಕಿಲೋಮೀಟರಿಗೂ ಉದ್ದದ ರನ್‌ವೇ ನಮ್ಮ ಜಿಲ್ಲೆಯಲ್ಲಿದೆ ಎಂದ ಮಾತ್ರಕ್ಕೆ ಅದರ ಮೇಲೆ ಓಡುವ ತರಬೇತಿ ವಿಮಾನದಲ್ಲಿ ವಾಡಿಯ ಹುಡುಗ ಕೂತಿರುತ್ತಾನೆ ಎಂದೇನೂ ಇಲ್ಲ. ಸಂವಿಧಾನದ 371(ಜೆ) ಕಲಮು ನಮ್ಮ ಭಾಗದವರ ಸರ್ಕಾರಿ ನೌಕರಿಗೆ, ಕಾಲೇಜು ಸೀಟಿಗೆ ಆಸರೆ. ಖಾಸಗಿ ಹಾರಾಟ ಶಾಲೆಗೂ ವಿಮಾನ ಕಂಪನಿಗೂ ಅದು ಅನ್ವಯಿಸುವುದಿಲ್ಲ. ಹಾರಾಟ ಶಾಲೆಯಲ್ಲಿ ಹಾರಿಸಲು ಕಲಿಸುವುದು ಪಿಸ್ಟನ್ ಎಂಜಿನ್ನಿನ ಪುಟ್ಟ ವಿಮಾನ. ನಾಗರಿಕ ವಿಮಾನಯಾನದ ನಿಯಂತ್ರಕ ಡಿಜಿಸಿಎ ನಿಯಮದಂತೆ 200 ಗಂಟೆ ಹಾರಾಟ, ನ್ಯಾವಿಗೇಷನ್, ಹವಾಮಾನ, ವಾಯುನಿಯಮ, ತಾಂತ್ರಿಕ ವಿಷಯಗಳ ಪರೀಕ್ಷೆ, ರೇಡಿಯೊ ಲೈಸೆನ್ಸು, ಇಷ್ಟೆಲ್ಲ ಮುಗಿದ ಮೇಲೆ ಕೈಗೆ ಬರುವುದು ಕಮರ್ಷಿಯಲ್ ಪೈಲಟ್ ಲೈಸೆನ್ಸು. ಅಷ್ಟಕ್ಕೇ ಅರ್ಧ ಕೋಟಿ ದಾಟಿರುತ್ತದೆ. ಆ ಲೈಸೆನ್ಸ್ ಇದ್ದವನೂ ಜೆಟ್ ವಿಮಾನದ ಕಾಕ್‌ಪಿಟ್‌ನಲ್ಲಿ ಕೂರುವಂತಿಲ್ಲ. ಅದಕ್ಕೆ ಟೈಪ್ ರೇಟಿಂಗ್ ಬೇಕು.

ಹೊಲ ಮಾರಿದ ಅಪ್ಪಂದಿರು ಎಡವುವುದು ಈ ಟೈಪ್ ರೇಟಿಂಗಿನ ಹತ್ತಿರ. ಇದು ಪದವಿಯಲ್ಲ. ಒಂದು ನಿರ್ದಿಷ್ಟ ಬಗೆಯ ವಿಮಾನಕ್ಕೆ, ಎ320ಗೋ ಬೋಯಿಂಗ್ 737ಗೋ, ಲೈಸೆನ್ಸಿನ ಮೇಲೆ ಬೀಳುವ ಒಂದು ನಮೂದು. ಕೆಲವು ವಾರ ತರಗತಿ, ಆಮೇಲೆ ಸಿಮ್ಯುಲೇಟರ್, ಹದಿನೈದು ಲಕ್ಷದ ಆಸುಪಾಸು ಖರ್ಚು. ಒಂದು ವಿಮಾನದ ರೇಟಿಂಗ್ ಇನ್ನೊಂದಕ್ಕೆ ನಡೆಯುವುದಿಲ್ಲ. ಕಲಬುರಗಿಯಿಂದ ಬೆಂಗಳೂರಿಗೆ ಮೊದಲ ದಿನ ಹಾರಿದ ಸ್ಟಾರ್ ಏರ್ ವಿಮಾನವನ್ನೇ ನೋಡಿ, ಅದು ಎಂಬ್ರೇಯರ್. ಎ320 ರೇಟಿಂಗಿಗೆ ಲಕ್ಷಾಂತರ ರೂಪಾಯಿ ಸುರಿದವನು ತನ್ನೂರಿನ ನಿಲ್ದಾಣದಿಂದ ಹೊರಟ ಆ ಮೊದಲ ವಿಮಾನವನ್ನೇ ಹಾರಿಸಲಾರ. ಇಷ್ಟೂ ಸಾಲದೆಂಬಂತೆ ಈ ಅರ್ಹತೆ ಬಳಸದಿದ್ದರೆ ತುಕ್ಕು ಹಿಡಿಯುತ್ತದೆ. ಹಾರುತ್ತಿರಬೇಕು, ನಿಗದಿತ ಅವಧಿಗೊಮ್ಮೆ ಸಿಮ್ಯುಲೇಟರಿನಲ್ಲಿ ಪರೀಕ್ಷೆ ಕೊಡುತ್ತಿರಬೇಕು. ಕೆಲಸ ಇದ್ದರೆ ಆ ಖರ್ಚು ಕಂಪನಿಯದು. ಇಲ್ಲದಿದ್ದರೆ ಮತ್ತೆ ಅಪ್ಪನದು.

ಕೆಲಸದ ಮಾತು ಬಂದರೆ, ಕಿಂಗ್‌ಫಿಷರ್ ಹಾರಾಟ ನಿಲ್ಲಿಸಿದ್ದು 2012ರಲ್ಲಿ, ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ, ಗೋ ಫಸ್ಟ್ 2023ರ ಮೇ ತಿಂಗಳಲ್ಲಿ. ಪ್ರತಿ ಸಲವೂ ಸಾವಿರಾರು ಗಂಟೆ ಹಾರಿಸಿದ, ರೇಟಿಂಗ್ ಇದ್ದ ಪೈಲಟ್‌ಗಳು ಬೀದಿಗೆ ಬಂದರು. 200 ಗಂಟೆಯ ಹೊಸ ಹುಡುಗ ನಿಲ್ಲಬೇಕಾಗಿದ್ದು ಅವರ ಹಿಂದೆ. 2025ರ ಡಿಸೆಂಬರಿನಲ್ಲಿ ಪೈಲಟ್‌ಗಳ ವಿಶ್ರಾಂತಿಯ ಹೊಸ ನಿಯಮಕ್ಕೆ ಹೊಂದಿಕೊಳ್ಳಲಾಗದೆ ಇಂಡಿಗೊ ಸಾವಿರಾರು ಹಾರಾಟ ರದ್ದು ಮಾಡಿದಾಗ, ‘ನೋಡ್ರಿ, ಪೈಲಟ್ ಇಲ್ಲ ಅಂತ ವಿಮಾನ ನಿಂತಾವ’ ಎಂದು ನಮ್ಮ ಕಡೆಯೂ ಮಾತಾಯಿತು. ಆದರೆ ಕಂಪನಿಗೆ ಸುಲಭಕ್ಕೆ ಸಿಗದವನು ಕ್ಯಾಪ್ಟನ್. ಕ್ಯಾಪ್ಟನ್ ಆಗಲು ಬೇಕಾದ ಮೇಲಿನ ಲೈಸೆನ್ಸಿಗೆ 1,500 ಗಂಟೆ ಹಾರಿರಬೇಕು. ಆ ಕೊರತೆಯನ್ನು ಈ ವರ್ಷ ಲೈಸೆನ್ಸ್ ತೆಗೆದುಕೊಂಡ ಮಗ ತುಂಬಲಾರ.

ಆದ್ದರಿಂದ ನಾಗರಿಕ ವಿಮಾನದ ದಾರಿ ಹಿಡಿಯುವವರಿಗೆ ನನ್ನ ಮಾತು ಚಿಕ್ಕದು. ಕಂಪನಿಯೊಂದು ಬರಹದಲ್ಲಿ ಕೆಲಸದ ಭರವಸೆ ಕೊಡುವವರೆಗೆ ಟೈಪ್ ರೇಟಿಂಗಿಗೆ ದುಡ್ಡು ಕಟ್ಟಬೇಡಿ. ಕಂಪನಿಗಳ ಕೆಡೆಟ್ ಯೋಜನೆಗಳಲ್ಲಿ ಒಟ್ಟು ಖರ್ಚು ಕೋಟಿ ದಾಟಬಹುದು, ಆದರೂ ಯಾವ ವಿಮಾನ, ಯಾರ ಕೆಲಸ ಎಂಬುದು ಮೊದಲೇ ಗೊತ್ತಿರುತ್ತದೆ. ಹಾಗೆಂದು ಅಲ್ಲಿಯೂ ಕರಾರನ್ನು ಓದದೆ ಸಹಿ ಹಾಕಬಾರದು. ದುಡ್ಡು ಕಡಿಮೆ ಇದ್ದು ಅಂಕ ಚೆನ್ನಾಗಿದ್ದರೆ ರಾಯ್‌ಬರೇಲಿ ಬಳಿಯ ಇಂದಿರಾ ಗಾಂಧಿ ರಾಷ್ಟ್ರೀಯ ಉಡಾನ್ ಅಕಾಡೆಮಿಯ ಪ್ರವೇಶ ಪರೀಕ್ಷೆ ಇದೆ, ಅಲ್ಲಿ ಮೀಸಲಾತಿಯೂ ಇದೆ. ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರದ್ದೇ ಹಾರಾಟ ಶಾಲೆ ಇದೆ. ಕೋಟಿಯ ಲೆಕ್ಕ ಹಾಕುವವರು ಈ ಎರಡು ಹೆಸರು ಹೇಳಿದ್ದನ್ನು ನಾನು ಕೇಳಿದ್ದು ಕಡಿಮೆ.

ಅದಕ್ಕಿಂತ ದೊಡ್ಡ ಮರೆವು ಬೀದರಿನದು. ವಾಯುಪಡೆಯ ಯುದ್ಧವಿಮಾನದ ಪೈಲಟ್‌ಗಳಿಗೆ ಮುಂದುವರಿದ ಜೆಟ್ ತರಬೇತಿ ಕೊಡುವ ಹಾಕ್ ವಿಮಾನಗಳ ಮನೆ ಬೀದರ್ ವಾಯುನೆಲೆ. 2008ರ ಫೆಬ್ರುವರಿಯಲ್ಲಿ ಹಾಕ್ ಸೇವೆಗೆ ಸೇರಿದ್ದು ಅಲ್ಲಿಯೇ. ಆಕಾಶದಲ್ಲಿ ಕಸರತ್ತು ತೋರಿಸುವ ವಾಯುಪಡೆಯ ಸೂರ್ಯಕಿರಣ ತಂಡದ ನೆಲೆಯೂ ಅದೇ. ನೇರ ಗೆರೆ ಎಳೆದರೆ ಚಿಂಚೋಳಿಗೂ ಬೀದರಿಗೂ ಸುಮಾರು ಐವತ್ತು ಕಿಲೋಮೀಟರು. ಹಾಕ್‌ಗೆ ಅದು ನಾಲ್ಕೈದು ನಿಮಿಷದ ದಾರಿ, ನಮ್ಮ ಬಸ್ಸಿಗೆ ಎಷ್ಟೆಂದು ಚಿಂಚೋಳಿಯವರನ್ನೇ ಕೇಳಬೇಕು. ಪೈಲಟ್‌ಗಳ ಮೊದಲ ಹಂತದ ತರಬೇತಿ ಹೈದರಾಬಾದಿನ ದುಂಡಿಗಲ್‌ನಲ್ಲಿ, ಪಿಲಾಟಸ್ ವಿಮಾನದ ಮೇಲೆ. ಎರಡನೆಯ ಹಂತಕ್ಕೆ ಹೆಸರಾದ ಹಕೀಂಪೇಟೆ ಸಿಕಂದರಾಬಾದಿನ ಪಕ್ಕ. ವಾಡಿಯಿಂದ ಚಿತ್ತಾಪುರ, ಸೇಡಂ, ತಾಂಡೂರು ಹಾದು ಸಿಕಂದರಾಬಾದಿಗೆ ಹೋಗುವ ರೈಲು ಹತ್ತಿದವರು ಆ ಊರುಗಳ ಮಗ್ಗುಲಲ್ಲೇ ಇಳಿಯುತ್ತಾರೆ, ಆಸ್ಪತ್ರೆಗೆ, ಮದುವೆಯ ಜವಳಿಗೆ, ಕೂಲಿಗೆ. ಯುದ್ಧವಿಮಾನದ ಪೈಲಟ್ ತಯಾರಾಗುವ ಮೂರು ಹೆಸರುವಾಸಿ ಜಾಗಗಳು ನಮಗೆ ಬೆಂಗಳೂರಿಗಿಂತ ಹತ್ತಿರ ಇವೆ. ಕೋಟಿಯ ಮಾತಾಡುವಾಗ ಅವು ಯಾರ ನೆನಪಿಗೂ ಬರುವುದಿಲ್ಲ.

ಅಲ್ಲಿ ಕಲಿಯುವವನು ಫೀಸು ಕಟ್ಟುವುದಿಲ್ಲ. ಫ್ಲೈಟ್ ಕೆಡೆಟ್‌ಗೆ ತರಬೇತಿಯ ವರ್ಷದಲ್ಲಿ ತಿಂಗಳಿಗೆ 56,100 ರೂಪಾಯಿ ಭತ್ಯೆ ಸರ್ಕಾರವೇ ಕೊಡುತ್ತದೆ. ಪಿಯುಸಿ ಹಂತದಲ್ಲೇ ಬರೆಯುವ ಎನ್‌ಡಿಎ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಪರೀಕ್ಷೆಯ ಅರ್ಜಿ ಶುಲ್ಕ 100 ರೂಪಾಯಿ, ಹುಡುಗಿಯರಿಗೂ ಪರಿಶಿಷ್ಟರಿಗೂ ಅದೂ ಇಲ್ಲ.

ಈ ಹಾಕ್ ಬಂದ ಕಥೆಯಲ್ಲಿ ಮನೆಯವರು ನೋಡಬೇಕಾದ ಒಂದು ಅಂಶವಿದೆ. ಬಹಳ ವರ್ಷ ನಮ್ಮ ಹುಡುಗರು ನಿಧಾನದ ಕಿರಣ್ ತರಬೇತಿ ವಿಮಾನದಿಂದ ಇಳಿದು ಹೆಚ್ಚುಕಡಿಮೆ ನೇರವಾಗಿ ಮಿಗ್-21 ಹತ್ತುತ್ತಿದ್ದರು. ನಡುವೆ ಒಂದು ಮೆಟ್ಟಿಲು ಬೇಕು, ಮುಂದುವರಿದ ಜೆಟ್ ತರಬೇತಿ ವಿಮಾನ ಬೇಕು ಎಂದು ಹಾರಾಟ ಸುರಕ್ಷತೆಯ ಕುರಿತ ಲಾ ಫಾಂಟೇನ್ ಸಮಿತಿ ಹೇಳಿದ್ದು 1982ರಲ್ಲಿ. 66 ಹಾಕ್‌ಗಳ ಕರಾರಿಗೆ ಸಹಿ ಬಿದ್ದದ್ದು 2004ರಲ್ಲಿ. ಅವುಗಳಲ್ಲಿ 42 ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾಗಬೇಕಿತ್ತು. ಆ ಇಪ್ಪತ್ತೆರಡು ವರ್ಷಗಳಲ್ಲಿ ತರುಣ ಪೈಲಟ್‌ಗಳು ಮಿಗ್ ಅಪಘಾತಗಳಲ್ಲಿ ಸತ್ತರು. ಪ್ರತಿ ಅಪಘಾತಕ್ಕೂ ಇದೇ ಕಾರಣ ಎನ್ನಲಾಗದು, ಆದರೆ ಇಲ್ಲದ ಮೆಟ್ಟಿಲಿನ ಪಾಲು ಅದರಲ್ಲಿತ್ತು. ಒಂದು ದೇಶವೇ ಮೆಟ್ಟಿಲು ಹಾರಿ ಹೋಗಲು ನೋಡಿ ಪಾಠ ಕಲಿತಿರುವಾಗ, ದುಡ್ಡು ಕಟ್ಟಿ ಮೆಟ್ಟಿಲು ಹಾರಿಸಿಕೊಳ್ಳಬಹುದು ಎಂದು ಒಂದು ಮನೆ ನಂಬುವುದು ಹೇಗೆ?

ಹಾಗಾದರೆ ಬೀದರಿನ ದಾರಿಗೆ ಅಡ್ಡ ಏನು? ವಾಯುಪಡೆಯ ಹಾರಾಟ ಶಾಖೆಗೆ ಪಿಯುಸಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಬೇಕು. ಎಸ್ಸೆಸ್ಸೆಲ್ಸಿ ಮುಗಿಸಿ ‘ಸೈನ್ಸ್ ಕಷ್ಟ’ ಎಂದು ಆರ್ಟ್ಸ್ ತೆಗೆದುಕೊಂಡ ದಿನವೇ ಈ ಬಾಗಿಲು ಮುಚ್ಚುತ್ತದೆ. ಆ ಹುಡುಗನಿಗೆ ಅದು ತಿಳಿಯುವುದು ಡಿಗ್ರಿ ಮುಗಿದ ಮೇಲೆ. 2025ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಕಲಬುರಗಿ ಜಿಲ್ಲೆ ಶೇ 42.43ರೊಂದಿಗೆ ರಾಜ್ಯದಲ್ಲಿ ಕಟ್ಟಕಡೆಗೆ ನಿಂತಿತು. ಜೆಟ್ ತರಬೇತಿಗೂ ಈ ಅಂಕಿಗೂ ಏನು ಸಂಬಂಧ ಎನ್ನುವವರು, ಹತ್ತನೆಯ ತರಗತಿಯ ಗಣಿತದಲ್ಲೇ ಬಿದ್ದ ಮಗುವಿಗೆ ಯಾವ ಹಾರಾಟ ಶಾಲೆ ಬಾಗಿಲು ತೆಗೆಯುತ್ತದೆ ಎಂದು ಹೇಳಬೇಕು.

ಆಮೇಲೆ ವಯಸ್ಸು. ಎನ್‌ಡಿಎಗೆ ಹದಿನಾರೂವರೆಯಿಂದ ಹತ್ತೊಂಬತ್ತೂವರೆ. ಪದವಿಯ ನಂತರದ ಎಎಫ್‌ಕ್ಯಾಟ್ ಪರೀಕ್ಷೆಗೆ ಇಪ್ಪತ್ತರಿಂದ ಇಪ್ಪತ್ತನಾಲ್ಕು, ಡಿಜಿಸಿಎಯ ಕಮರ್ಷಿಯಲ್ ಲೈಸೆನ್ಸ್ ಇದ್ದರೆ ಇಪ್ಪತ್ತಾರರವರೆಗೆ. ಎತ್ತರ 162.5 ಸೆಂಟಿಮೀಟರ್ ಇರಬೇಕು, ಕಾಲಿನ ಉದ್ದಕ್ಕೂ ಕೂತ ಎತ್ತರಕ್ಕೂ ಅಳತೆ ಉಂಟು. ಲಿಖಿತ ಪರೀಕ್ಷೆ ದಾಟಿದರೆ ಆಯ್ಕೆ ಮಂಡಳಿ. ಅಂಥದೊಂದು ಮಂಡಳಿ ನಮ್ಮದೇ ಮೈಸೂರಿನಲ್ಲಿದೆ. ಮೊದಲ ದಿನವೇ ಅರ್ಧಕ್ಕರ್ಧ ಜನ ಮರಳಿ ರೈಲು ಹತ್ತುವುದು ಅಲ್ಲಿ ಹೊಸತಲ್ಲ. ಅದೂ ದಾಟಿದವರಿಗೆ ಕಂಪ್ಯೂಟರಿನ ಮೇಲೆ ಪೈಲಟ್ ಯೋಗ್ಯತೆಯ ಪರೀಕ್ಷೆ. ಅದನ್ನು ಬರೆಯಲು ಜೀವಮಾನದಲ್ಲಿ ಒಂದೇ ಸಲ ಅವಕಾಶ. ಸೋತರೆ ವಾಯುಪಡೆಯ ಬೇರೆ ಶಾಖೆಗಳುಂಟು, ಹಾರಾಟ ಮಾತ್ರ ಮತ್ತೆ ಇಲ್ಲ. ಮತ್ತೊಮ್ಮೆ ದುಡ್ಡು ಕಟ್ಟಿ ಕೂರುವ ಸೌಲಭ್ಯ ಇದಕ್ಕಿಲ್ಲ.

ಇಂಗ್ಲಿಷ್ ಇನ್ನೊಂದು ತೊಡಕು, ಇದನ್ನು ಮುಚ್ಚಿಡುವುದು ಮೋಸ. ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿಗೆ ಭೌತಶಾಸ್ತ್ರ ಬಂದೀತು, ಆಯ್ಕೆ ಮಂಡಳಿಯ ಮುಂದೆ ಐದಾರು ಅಪರಿಚಿತರ ಗುಂಪಿನಲ್ಲಿ ಇಂಗ್ಲಿಷಿನಲ್ಲಿ ವಾದ ಮಾಡುವುದು ಬಾರದು. ಎರಡು ವರ್ಷ ದಿನಾ ಮಾತಾಡಿದರೆ ಬರುತ್ತದೆ. ಅದಕ್ಕೆ ಕೋಟಿ ಬೇಡ, ಆ ಎರಡು ವರ್ಷ ಇರುವಾಗಲೇ ಯಾರಾದರೂ ಹೇಳಬೇಕು. ಚಿಕ್ಕಮಗಳೂರು ಜಿಲ್ಲೆಯ ಮೇಘನಾ ಶಾನುಭೋಗ್ 2017ರ ಡಿಸೆಂಬರಿನಲ್ಲಿ ದುಂಡಿಗಲ್‌ನಿಂದ ಯುದ್ಧವಿಮಾನದ ವಿಭಾಗಕ್ಕೆ ಅಧಿಕಾರಿಯಾಗಿ ಹೊರಬಂದರು. ಅದಕ್ಕೂ ಮುಂಚೆ, 2016ರ ಜೂನ್‌ನಲ್ಲಿ ಅಧಿಕಾರಿಗಳಾದ ದೇಶದ ಮೊದಲ ಮೂವರು ಮಹಿಳಾ ಯುದ್ಧ ಪೈಲಟ್‌ಗಳು ಹಾಕ್ ಕಲಿತದ್ದು ಬೀದರಿನಲ್ಲಿ. 2022ರಿಂದ ಎನ್‌ಡಿಎ ಬಾಗಿಲೂ ಹುಡುಗಿಯರಿಗೆ ತೆರೆದಿದೆ. ‘ಹುಡುಗಿ ಎಲ್ಲಿ ಪೈಲಟ್ ಆಗ್ತಾಳ’ ಎನ್ನುವ ಅಜ್ಜಂದಿರಿಗೆ ನಾನು ಬೇರೆ ಉತ್ತರ ಕೊಡುವುದಿಲ್ಲ.

ನನ್ನ ವಾದಕ್ಕೆ ಬಲವಾದ ಎದುರುಮಾತು ಒಂದಿದೆ. ಎನ್‌ಡಿಎಯ ಒಂದು ಸರದಿಯಲ್ಲಿ ವಾಯುಪಡೆಯ ಹಾರಾಟಕ್ಕೆ ಇರುವುದು 92 ಸ್ಥಾನ, ಬರೆಯುವವರು ಲಕ್ಷಗಟ್ಟಲೆ. ಆಯ್ಕೆಯಾದವರೆಲ್ಲರೂ ಬೀದರಿನ ಹಾಕ್‌ವರೆಗೆ ಬರುವುದಿಲ್ಲ, ಸಾಗಾಣಿಕೆ ವಿಮಾನಕ್ಕೂ ಹೆಲಿಕಾಪ್ಟರಿಗೂ ಹಂಚಿಹೋಗುತ್ತಾರೆ. ಎಎಫ್‌ಕ್ಯಾಟ್ ಮೂಲಕ ಹೋದವರದು 14 ವರ್ಷದ ಸೇವೆ. ಎಲ್ಲಕ್ಕಿಂತ ಮಿಗಿಲಾಗಿ, ಅದು ಯುದ್ಧದ ಕೆಲಸ. ‘ಫ್ರೀಯಾಗಿ ಕಲಿತು ಆಮೇಲೆ ಇಂಡಿಗೊ ಸೇರ್ತೀನಿ’ ಎಂಬ ಲೆಕ್ಕದಲ್ಲಿ ಹೋಗುವ ಹುಡುಗನನ್ನು ಮೈಸೂರಿನ ಮಂಡಳಿ ಅರ್ಧ ದಿನದಲ್ಲೇ ಗುರುತಿಸೀತು, ಗುರುತಿಸಲಿ ಕೂಡ. ಈ ಎದುರುಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಇದರಿಂದ ‘ಕೋಟಿ ಇದ್ದರೆ ಸಾಕು’ ಎಂಬುದು ನಿಜವಾಗುವುದಿಲ್ಲ, ‘ಕೋಟಿ ಇಲ್ಲದಿದ್ದರೆ ಬೇಡ’ ಎಂಬುದೂ ನಿಜವಾಗುವುದಿಲ್ಲ. ಸಿಗುವ ಸಾಧ್ಯತೆ ಕಡಿಮೆ ಎಂದು ಯಾರೂ ಕೆಎಎಸ್ ಬರೆಯುವುದನ್ನು ಬಿಟ್ಟಿಲ್ಲವಲ್ಲ. ಅಲ್ಲಿ ಸೋತವನು ವಯಸ್ಸು ಕಳೆದುಕೊಳ್ಳುತ್ತಾನೆ. ಇಲ್ಲಿ ಸೋತವನಿಗೆ ಇನ್ನೂ ಹತ್ತೊಂಬತ್ತು, ಕೈಯಲ್ಲಿ ಪಿಯುಸಿ ಸೈನ್ಸ್ ಇದೆ, ಹೊಲ ಹಾಗೇ ಇದೆ.

ಹೊಲ ಮಾರಲೇಬೇಕು ಎಂದು ಕೂತವರೂ ವ್ಯವಹಾರದ ಮುಂಚೆ ಮಾಡಬಹುದಾದ ಕೆಲಸವೊಂದಿದೆ. ಕಮರ್ಷಿಯಲ್ ಪೈಲಟ್ ಲೈಸೆನ್ಸಿಗೆ ಡಿಜಿಸಿಎಯ ಕ್ಲಾಸ್-1 ವೈದ್ಯಕೀಯ ಪ್ರಮಾಣಪತ್ರ ಕಡ್ಡಾಯ. ಬಣ್ಣ ಗುರುತಿಸುವ ದೋಷ ಗಂಭೀರವಾಗಿದ್ದರೆ ಅಲ್ಲಿಗೇ ಮುಗಿಯಿತು. ಈ ತಪಾಸಣೆಗೆ ತಗಲುವುದು ಸಾವಿರಗಳ ಲೆಕ್ಕ. ಅದಕ್ಕೂ ಮೊದಲು ಊರಿನ ಕಣ್ಣಿನ ಡಾಕ್ಟರು ಬಣ್ಣದ ಚುಕ್ಕಿಗಳ ಪುಸ್ತಕ ಹಿಡಿದು ಹತ್ತು ನಿಮಿಷದಲ್ಲಿ ಸುಳಿವು ಕೊಟ್ಟಾರು. ಹುಡುಗನನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಬಂದ ಮೇಲೆ ಹೊಲದ ಗಿರಾಕಿಗೆ ಫೋನ್ ಮಾಡಿದರೂ ಏನೂ ತಡವಾಗುವುದಿಲ್ಲ.