ಟೀಮು ಯಾರಪ್ಪನ ಆಸ್ತಿ?

ಅಮೆರಿಕದ ಫುಟ್‌ಬಾಲ್ ಅಂದರೆ ಹೆಲ್ಮೆಟ್ ಹಾಕಿಕೊಂಡು ಒಬ್ಬರ ಮೇಲೊಬ್ಬರು ಬೀಳೋದು, ಜನ ನೋಡೋದೂ ಆ ಹೊಡೆದಾಟವನ್ನೇ. ನಮ್ಮ ಆಫೀಸಿನಲ್ಲಿ ಬಹುತೇಕರ ತೀರ್ಪು ಇದು. (ಕಾಲಿಗಿಂತ ಕೈಗೇ ಕೆಲಸ ಜಾಸ್ತಿ ಇರೋ ಆಟಕ್ಕೆ ಫುಟ್‌ಬಾಲ್ ಅಂತ ಯಾಕೆ ಹೆಸರಿಟ್ಟರೋ, ಅದು ಬೇರೆ ಮಾತು.)

ಈ ವಾದ ನನಗೆ ಒಪ್ಪಿಗೆಯಿಲ್ಲ. ಮೂರು ಗಂಟೆಯ ಪ್ರಸಾರದಲ್ಲಿ ಚೆಂಡು ನಿಜವಾಗಿ ಆಟದಲ್ಲಿರೋದು ಸುಮಾರು 11 ನಿಮಿಷ ಅಂತ 2010ರಲ್ಲೇ ವಾಲ್ ಸ್ಟ್ರೀಟ್ ಜರ್ನಲ್ ಲೆಕ್ಕ ಹಾಕಿತ್ತು. ಮಿಕ್ಕಿದ್ದೆಲ್ಲ ನಿಲ್ಲೋದು, ಮಾತಾಡೋದು, ಜಾಹೀರಾತು. ಆದರೂ 2023ರಲ್ಲಿ ಅಮೆರಿಕದವರು ಅತಿ ಹೆಚ್ಚು ನೋಡಿದ 100 ಟೀವಿ ಪ್ರಸಾರಗಳಲ್ಲಿ 93 ಎನ್‌ಎಫ್‌ಎಲ್ ಪಂದ್ಯಗಳೇ. ಹೊಡೆತದ ಬೆಲೆಯೂ ಅವರಿಗೆ ಗೊತ್ತು. ತೀರಿಹೋದ ಮೇಲೆ ಸಂಶೋಧನೆಗೆ ದಾನ ಬಂದ 111 ಎನ್‌ಎಫ್‌ಎಲ್ ಆಟಗಾರರ ಮಿದುಳುಗಳಲ್ಲಿ 110ಕ್ಕೆ ಸಿಟಿಇ ಎಂಬ ಕಾಯಿಲೆ ಇದ್ದದ್ದು 2017ರಲ್ಲೇ ಸುದ್ದಿಯಾಗಿತ್ತು. ಆಮೇಲೂ ಯಾರೂ ಟೀವಿ ಆರಿಸಲಿಲ್ಲ.

ನನ್ನ ಪ್ರಕಾರ ಅವರನ್ನು ಹಿಡಿದಿಟ್ಟಿರೋದು ಊರು. ಓದಿಗೆ ಒಂದು ರಾಜ್ಯ, ಕೆಲಸಕ್ಕೆ ಇನ್ನೊಂದು. ಹುಟ್ಟಿದೂರಿನ ಮನೆ ಯಾವತ್ತೋ ಮಾರಿಹೋಗಿರುತ್ತೆ. ಊರಿನದು ಅಂತ ಕೈಯಲ್ಲಿ ಉಳಿಯೋದು ಟೀಮ್ ಒಂದೇ. ಅದೂ ಸೀಸನ್ನಿಗೆ ಬರೀ 17 ಲೀಗ್ ಪಂದ್ಯ, ವಾರಕ್ಕೊಂದು. ದಿನಾ ನಡೆದರೆ ಜಾತ್ರೆಗೆ ಏನು ಬೆಲೆ? ವರ್ಷಕ್ಕೊಮ್ಮೆ ತೇರಿಗೆ ಅಂತ ಬೆಂಗಳೂರಿನಿಂದ ರಾತ್ರಿ ಬಸ್ ಹತ್ತೋ ನನ್ನಂಥವನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕ್ಲೀವ್‌ಲ್ಯಾಂಡ್ ನೋಡಿ. 2017ರ ಸೀಸನ್ನಿನಲ್ಲಿ ಅಲ್ಲಿನ ಬ್ರೌನ್ಸ್ ತಂಡ 16 ಪಂದ್ಯ ಆಡಿ 16ನ್ನೂ ಸೋತಿತು. ಅಭಿಮಾನಿಗಳು ಜನವರಿಯ ಕೊರೆಯೋ ಚಳಿಯಲ್ಲಿ ಸ್ಟೇಡಿಯಂ ಸುತ್ತ, ಸೊನ್ನೆ ಬರೆದ ಹಾಗೆ, ಮೆರವಣಿಗೆ ಹೊರಟರು! ಬರೀ ಗೆಲುವಿಗೆ ಅಂಟಿಕೊಂಡವರು ಹೀಗೆ ಮಾಡಲ್ಲ. ಇದೇ ಊರಿನ ತಂಡವನ್ನು ಮಾಲೀಕ ಆರ್ಟ್ ಮೋಡೆಲ್ 1996ರಲ್ಲಿ ಬಾಲ್ಟಿಮೋರಿಗೆ ಹೊತ್ತೊಯ್ದಿದ್ದ. ಊರವರು ಕೋರ್ಟು, ಗಲಾಟೆ ಎಲ್ಲ ಮಾಡಿ ಹೆಸರು, ಬಣ್ಣ, ಇತಿಹಾಸ ಉಳಿಸಿಕೊಂಡರು. ಮೂರು ಸೀಸನ್ ಹೆಸರಿತ್ತು, ಆಡೋಕೆ ತಂಡವೇ ಇರಲಿಲ್ಲ.

ನನಗೆ ಸಿಟ್ಟು ಬರೋದು ಇಲ್ಲೇ. ಮನಸ್ಸಿನಲ್ಲಿ ಟೀಮು ಊರಿನದು, ಕಾಗದದಲ್ಲಿ ಒಬ್ಬ ಸಾಹುಕಾರನದು. ಬೇರೆ ದಾರಿ ಇಲ್ಲ ಅಂತಲ್ಲ. ವಿಸ್ಕಾನ್ಸಿನ್ನಿನ ಗ್ರೀನ್ ಬೇ ಬರೀ ಒಂದು ಲಕ್ಷ ಚಿಲ್ಲರೆ ಜನರ ಊರು, ಸ್ಟೇಡಿಯಂನಲ್ಲಿ ಹಿಡಿಸೋದು 80 ಸಾವಿರಕ್ಕೂ ಹೆಚ್ಚು. ಅಲ್ಲಿನ ಪ್ಯಾಕರ್ಸ್ ತಂಡಕ್ಕೆ ಐದು ಲಕ್ಷಕ್ಕೂ ಮೇಲೆ ಷೇರುದಾರರು. ಡಿವಿಡೆಂಡ್ ಇಲ್ಲ, ಷೇರು ಮಾರಿ ಲಾಭ ಮಾಡೋ ಹಾಗೂ ಇಲ್ಲ. ಆದ್ದರಿಂದಲೇ ಆ ತಂಡವನ್ನು ಯಾರೂ ಎಲ್ಲಿಗೂ ಹೊತ್ತೊಯ್ಯೋಕೆ ಆಗಿಲ್ಲ. ಇಂಥ ಇನ್ನೊಂದು ತಂಡಕ್ಕೆ ಲೀಗಿನ ನಿಯಮದಲ್ಲೇ ಈಗ ಜಾಗವಿಲ್ಲ.

ಕ್ಲೀವ್‌ಲ್ಯಾಂಡಿನ ಈಗಿನ ಮಾಲೀಕರು ಸ್ಟೇಡಿಯಂ ಅನ್ನು ಬ್ರೂಕ್ ಪಾರ್ಕ್ ಅನ್ನೋ ಪಕ್ಕದ ಊರಿಗೆ ಸಾಗಿಸಲು ಹೊರಟಿದ್ದಾರೆ. ಅದಕ್ಕೆ ಒಹಾಯೊ ರಾಜ್ಯ 2025ರ ಬಜೆಟ್ಟಿನಲ್ಲಿ 60 ಕೋಟಿ ಡಾಲರ್ ಕೊಟ್ಟಿದೆ.